ಕಿಶನನ ಮೀನಿನ ಪೇಜು

"ಪುಸ್ತಕ ಬಾಯಿಪಾಠ ಮಾಡಿ ಪಾಸಾಗುವ ಕಾಲ ಮುಗೀತು" ಎಂದು ಬಿಬಿಎಂ ಕೊನೆಯ ವರ್ಷದಲ್ಲಿ ನಮ್ಮ ಮಧುಕರ ಸರ್ ಸಾರಿದಾಗ ನನಗೆ ಮೈಯೆಲ್ಲ ಉರಿದುಹೋಗಿತ್ತು. ಹೊಸ ಪಠ್ಯಕ್ರಮವಂತೆ! ಪ್ರತಿಯೊಬ್ಬರೂ ನಿಜವಾದ ವ್ಯಾಪಾರ ಶುರುಮಾಡಬೇಕು, ಅದನ್ನು ಕಂಪ್ಯೂಟರಿನಲ್ಲಿ ನಡೆಸಬೇಕು, ಹೊರಗಿನಿಂದ ಬಂದ ಪರೀಕ್ಷಕರ ಕಣ್ಣೆದುರೇ ಆರ್ಡರ್ ಹಿಡಿದು ಮಾಲು ಮುಟ್ಟಿಸಬೇಕು. ಇದು ಎರಡು ಸಾವಿರದ ಎಂಟರ ಕಾರವಾರ. ನಮ್ಮಲ್ಲಿ ಅರ್ಧ ಜನಕ್ಕೆ ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಅಂಗಳ ಹಾರಲಾರದವರು ಗಗನ ಹಾರಬೇಕಿತ್ತು. ಶೆಟಗೇರಿಯವಳಾದ ನಾನು ಮನೆಯ ಮುರುಗಲು ಹಣ್ಣಿನ ಒಣಸಿಪ್ಪೆ ಮಾರುತ್ತೇನೆಂದು ಹೇಳಿ ಹೇಗೋ ಪಾರಾದೆ. ಅಮದಳ್ಳಿಯ ಕಿಶನ ಮೀನು ಮಾರುತ್ತೇನೆ ಎಂದ.

ಕಿಶನ ಹಿಂದಿನ ವರ್ಷ ನಪಾಸಾಗಿ ನಮ್ಮ ಜೊತೆ ಬಂದು ಕೂತವನು. ಅವನ ಅಪ್ಪ ದತ್ತಣ್ಣ ತಾಂಡೇಲರು; ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂದು ದೋಣಿಯಲ್ಲಿ ಹೇಳುವವರು ಅವರೇ. ಅಂಥವರ ಮಗನಿಗೆ ಸಮುದ್ರ ಆಗಿಬರುತ್ತಿರಲಿಲ್ಲ. ದೋಣಿ ದಡ ಬಿಟ್ಟರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಒಮ್ಮೆ ಎಚ್ಚರ ತಪ್ಪಿ ನೀರಿಗೆ ಬೀಳಲಿದ್ದವನನ್ನು ಹಗ್ಗದಲ್ಲಿ ಕಟ್ಟಿ ತಂದಿದ್ದರು. "ದತ್ತಾನ ಮನೇಲಿ ಕೋಳಿ ಹುಟ್ಟಿದೆ, ನೀರು ಕಂಡ್ರೆ ಆಗೂದಿಲ್ಲ" ಎಂದು ಕೇರಿಯವರು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

"ಇದೊಂದು ಸಲ ನೋಡ್ವಾ ತಮಾ. ಪಾಸಾದ್ರೆ ದಡದ ಮೇಲೆ ಏನಾದ್ರೂ ಮಾಡ್ಕ. ಆಗಲಿಲ್ಲ ಅಂದ್ರೆ ದೋಣಿ ಹತ್ತಬೇಕು, ಬೇರೆ ದಾರಿ ಇಲ್ಲ" ಎಂದಿದ್ದರು.

ಕಿಶನನಿಗೆ ಆ ದೋಣಿಯ ಸಹವಾಸವೇ ಬೇಡವಾಗಿತ್ತು. ಹಾಗಾಗಿ ಹಗಲೆಲ್ಲ ಕಾಲೇಜಿನ ಲ್ಯಾಬಿನಲ್ಲಿ ಕೂತು ಒಂದು ವೆಬ್ ಪೇಜು ಮಾಡಿದ. ವಾಪಸು ಬರುವ ದೋಣಿಗೆ ಸಿಗ್ನಲ್ ಸಿಕ್ಕ ಕೂಡಲೇ ಅಪ್ಪ ಮೊಬೈಲಿನಲ್ಲಿ ಹೇಳುವುದು. ಇವನು ಯಾವ ಮೀನು ಬಂದಿದೆ ಎಂದು ಪೇಜಿಗೆ ಹಾಕಿ, ಕಂಪ್ಯೂಟರಿನಿಂದಲೇ ಹೋಟೆಲಿನವರಿಗೆಲ್ಲ ಮೆಸೇಜು ಕಳಿಸುವುದು. ದೋಣಿ ಬೈತಖೋಲ ಬಂದರು ಮುಟ್ಟುವಷ್ಟರಲ್ಲಿ ಮಾಲಿಗೆ ಗಿರಾಕಿ ತಯಾರು.

ಒಂದೇ ತೊಡಕು. ಸಮುದ್ರದ ಮೇಲಿದ್ದಾಗ ಮೀನು ಸಿಕ್ಕಿದೆ ಎಂದು ಮೀನುಗಾರರಲ್ಲಿ ಯಾರೂ ಬಾಯಿಬಿಡುವುದಿಲ್ಲ. ಹೇಳಿದರೆ ಕೊಟ್ಟದ್ದನ್ನು ಸಮುದ್ರ ಕಸಿದುಕೊಳ್ಳುತ್ತದಂತೆ. ದೋಣಿ ಮುಳುಗುವಷ್ಟು ತುಂಬಿದ್ದರೂ ದತ್ತಣ್ಣ ಫೋನಿನಲ್ಲಿ "ಬಂಗಡೆ ಸಿಕ್ಕಲಾ ತಮಾ" ಎಂದು, ಏನೂ ಸಿಗಲೇ ಇಲ್ಲವೆಂಬಂತೆ, ಹೇಳುತ್ತಿದ್ದರು. ಕಿಶನ ತಕ್ಷಣ "ಬಂಗಡೆ ಬಂದಿದೆ" ಎಂದು ಟೈಪು ಮಾಡುತ್ತಿದ್ದ. ನಿಜಕ್ಕೂ ಬಲೆ ಖಾಲಿಯಿದ್ದ ದಿನ ಅವರು ಫೋನನ್ನೇ ಮಾಡುತ್ತಿರಲಿಲ್ಲ. ಆ ಹಂಗಾಮಿನಲ್ಲಿ ಒಂದು ದಿನವೂ ಈ ಲೆಕ್ಕ ತಪ್ಪಲಿಲ್ಲ. "ಎಂಥ ಮನೆತನ ಮಾರಾಯಾ ನಿಮ್ದು!" ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಪರೀಕ್ಷೆಯ ದಿನ ಪರೀಕ್ಷಕರು ಲ್ಯಾಬಿನಲ್ಲಿ ಕೂತಿದ್ದಾಗಲೇ ಫೋನು ಬಂತು. ಕಿಶನ ಸ್ಪೀಕರ್ ಹಾಕಿದ.

"ತಮಾ, ಬಂಗಡೆ ಸಿಕ್ಕಲಾ. ತಾರ್ಲೆ ಸಿಕ್ಕಲಾ. ಇಸವಾಣನೂ ಸಿಕ್ಕಲಾ. ಇವತ್ತು ಎಂತದೂ ಸಿಕ್ಕಲಾ, ಕೇಳ್ತಾ?"

ಕಿಶನನ ಮುಖ ಊರಗಲವಾಯಿತು. ಬಂಗಡೆ, ತಾರ್ಲೆ, ಇಸವಾಣ ಮೂರನ್ನೂ ಪೇಜಿಗೆ ಏರಿಸಿದ. ಆರ್ಡರುಗಳು ಟಣಟಣ ಬಂದವು. ಪರೀಕ್ಷಕರು ಕುರ್ಚಿ ಮುಂದಕ್ಕೆಳೆದುಕೊಂಡು, "ಇದಪ್ಪ ಪ್ರಾಜೆಕ್ಟು! ನಡೀರಿ, ಮಾಲು ನೋಡೋಣ" ಎಂದರು. ಮಧುಕರ ಸರ್ ಅಂತೂ ಮದುವೆ ಗಂಡಿನ ಅಪ್ಪನ ಹಾಗೆ ಬೀಗುತ್ತಿದ್ದರು.

ಬಂದರಿನಲ್ಲಿ ದೋಣಿ ಕಾಣಿಸಿದ ಕೂಡಲೇ ಕಿಶನ ನನ್ನ ರಟ್ಟೆ ಹಿಡಿದ. "ಚಂದನಾ, ದೋಣಿ ಎತ್ತರಕ್ಕೆ ತೇಲ್ತಾ ಅದೆ" ಎಂದ. ನನಗೆ ಅರ್ಥವಾಗಲಿಲ್ಲ. ತುಂಬಿದ ದೋಣಿ ನೀರಿಗೆ ಅಂಟಿಕೊಂಡು ಬರುತ್ತದೆ ಎಂದು ಅವನೇ ಹೇಳಿದ. ಹೇಳುವಾಗ ಅವನ ತುಟಿ ಬಿಳಚಿಕೊಂಡಿತ್ತು.

ಆಮೇಲೆ ಅವನು ಬಂದರಿನ ತುಂಬ ಓಡಿದ. ಕಟ್ಟಿದ ಒಂದೊಂದು ದೋಣಿಯ ಮುಂದೂ ನಿಂತು ಕೈಮುಗಿದ. "ಮಾಸ್ತಿಯಣ್ಣಾ, ಒಂದು ಬುಟ್ಟಿ ಕೊಡಾ, ನಿನ್ನ ಕಾಲಿಗೆ ಬೀಳ್ತೆ." ಕೊಡಲು ಯಾರ ಹತ್ತಿರವೂ ಇರಲಿಲ್ಲ. ಅವತ್ತು ಸಮುದ್ರ ಯಾರಿಗೂ ಏನೂ ಕೊಟ್ಟಿರಲಿಲ್ಲ. ಇತ್ತ ಹೋಟೆಲಿನವರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. "ಇಲ್ಲದ ಮಾಲಿಗೆ ಆರ್ಡರ್ ಹಿಡಿಯೋದಕ್ಕೆ ವ್ಯಾಪಾರ ಅನ್ನೋದಿಲ್ಲ, ಮೋಸ ಅಂತಾರೆ" ಎಂದು ಪರೀಕ್ಷಕರು ಅಲ್ಲೇ ನಪಾಸು ಮಾಡಿದರು. ಮಧುಕರ ಸರ್ ಬೇಡಿಕೊಳ್ಳುತ್ತ ಅವರ ಹಿಂದೆಯೇ ಹೋದರು. ನನಗೆ ಆ ಪಠ್ಯಕ್ರಮ ಬರೆದವರನ್ನೆಲ್ಲ ಹಿಡಿದು ಸಮುದ್ರಕ್ಕೆ ತಳ್ಳುವಷ್ಟು ಸಿಟ್ಟು ಬಂತು.

ದೋಣಿ ಕಟ್ಟಿ ದತ್ತಣ್ಣ ಮೇಲೆ ಬಂದರು. ಖಾಲಿ ಬಲೆಯ ದಿನವೂ ಅವರ ಮುಖದಲ್ಲಿ ನಗುವಿತ್ತು.

"ಹ್ಯಾಂಗಾಯ್ತು ತಮಾ? ಇವತ್ತು ಹುಡುಗನ ಪರೀಕ್ಷೆ, ಸುಳ್ಳು ಹೇಳ್ಬೇಡಿ ಅಂತ ನಿನ್ನ ಆಯಿ ಆಣೆ ಹಾಕಿ ಕಳ್ಸಿದ್ಲು. ಖಾಲಿಯಿದ್ರೂ ಫೋನ್ ಮಾಡ್ದೆ. ನೀರಿನ ಮೇಲೆ ನಿಂತು ನಾ ನಿಜ ಹೇಳಿದ್ದು ಜನ್ಮದಲ್ಲಿ ಇದೇ ಮೊದ್ಲು, ನಿನ್ನ ಸಲುವಾಗಿ. ಪಾಸಾಯ್ತಲಾ?"

ಕಿಶನ ನನ್ನತ್ತ ನೋಡಿದ.

"ಆಯ್ತು ಅಪ್ಪಾ" ಎಂದ.

ದತ್ತಣ್ಣ ತಿರುಗಿ, ಬಂದರೆಲ್ಲ ಕೇಳುವಂತೆ ಕೂಗಿದರು: "ಹುಡುಗ ಪಾಸ್! ನನ್ನ ಮಗ ಇನ್ನು ದೋಣಿ ಹತ್ತೂದಿಲ್ಲ!"

ದೋಣಿಗಳಿಂದ ಜನ ಸೀಟಿ ಹೊಡೆದರು. ಕಿಶನ ಅವರತ್ತ ಕೈ ಬೀಸಿದ.