ಎರಡನೇ ಕನ್ನಡಿಯ ಮೇಲೊಂದು ಹೆಬ್ಬೆಟ್ಟು

ಅಂಗಡಿಯಲ್ಲಿ ಅವಳನ್ನು ಎಲ್ಲರೂ ‘ಊದ್ಬೇಡಕ್ಕ’ ಎನ್ನುತ್ತಿದ್ದರು. ಆ ಹೆಸರನ್ನು ಸಂಪಾದಿಸಿದ್ದು ಅವಳ ಬಾಯಿಯೇ. ಅಕ್ಷರ ಕೊರೆಯುವ ಲೇಸರ್ ಮಷಿನ್ನಿನ ಲೆನ್ಸಿನ ಮೇಲೆ ಒಂದು ಕಣ ಧೂಳು ಕಂಡರೆ ಸಾಕು, ಎರಡು ಕಾಲಿನ ಯಾವ ಪ್ರಾಣಿಯಾದರೂ ಬಗ್ಗಿ ಉಫ್ ಎಂದು ಊದಿಬಿಡುತ್ತದೆ. ಊದಿದರೆ ಉಗುಳು ಹಾರುತ್ತದೆ. ಉಗುಳು ಕೂತಲ್ಲಿ ಲೆನ್ಸು ಕಾದು ಕಲೆ ಸುಟ್ಟು ಹಿಡಿಯುತ್ತದೆ. ಇದನ್ನು ಹೇಳಿ ಹೇಳಿ ಹನ್ನೊಂದು ವರ್ಷದಲ್ಲಿ ಅವಳ ಗಂಟಲು ಒಣಗಿತ್ತು, ಊದುವವರ ಬಾಯಿ ಮಾತ್ರ ಒಣಗಿರಲಿಲ್ಲ.

ಅಂಗಡಿ ಅವಳ ತಮ್ಮನದು. ನಾಮಫಲಕ, ಬಹುಮಾನದ ಫಲಕ, ರಬ್ಬರ್ ಸ್ಟಾಂಪು ಮಾಡುವ ಅಂಗಡಿ. ಮಾಡುವುದು ಹಿಂದಿನ ಕೋಣೆಯಲ್ಲಿ ಅವಳು. ಮುಂದಿನ ಕೋಣೆಯಲ್ಲಿ ಕೂತು ಬಂದವರಿಗೆಲ್ಲ “ಆಗುತ್ತೆ, ಆಗುತ್ತೆ” ಎನ್ನುವುದು ಅವನು. ಮಷಿನ್ ಸರಿಯಾಗಿ ಕೊರೆಯದಿದ್ದರೆ ಅವನಿಗೆ ಗೊತ್ತಿದ್ದ ಮದ್ದು ಒಂದೇ, “ಪವರ್ ಜಾಸ್ತಿ ಮಾಡು.” ಕನ್ನಡಕ ಮಂಜಾದರೆ ಒರೆಸುವುದು ಬಿಟ್ಟು ಇನ್ನೊಂದು ದೀಪ ಹಚ್ಚುವ ಪೈಕಿ ಅವನು.

ಗಂಡ ತೀರಿಕೊಂಡ ಮೇಲೆ ಅಂಗಡಿ ಗುಡಿಸಲು ಬಂದವಳು ಅವಳು. ಮಷಿನ್ನಿನ ಜೊತೆ ಬಂದ ಪುಸ್ತಕವನ್ನು ತಮ್ಮ ಕಿಟಕಿ ಬಡಿಯದಂತೆ ಒತ್ತು ಇಟ್ಟಿದ್ದ. ಅದನ್ನು ಎಳೆದು ನಿಘಂಟು ಹಿಡಿದು ಓದಿ ಕೆಲಸ ಕಲಿತಳು. ದಿನಾ ಬೆಳಿಗ್ಗೆ ಪ್ಲಗ್ ಕಿತ್ತು, ಲೆನ್ಸ್ ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟು, ರಬ್ಬರ್ ಬುರುಡೆಯಿಂದ ಗಾಳಿ ಹೊಡೆದು, ತೆಳು ಕಾಗದಕ್ಕೆ ಒಂದು ಹನಿ ಸ್ಪಿರಿಟ್ ಬಿಟ್ಟು ಮೆಲ್ಲಗೆ ಎಳೆಯುವಳು. ಒಂದೇ ದಿಕ್ಕು, ಒಂದೇ ಸಲ, ಕಾಗದ ಬುಟ್ಟಿಗೆ. ಲೇಸರ್ ಕಿರಣವನ್ನು ತಿರುಗಿಸಿ ಲೆನ್ಸಿಗೆ ತಲುಪಿಸುವ ಕನ್ನಡಿಗಳು ಮೂರು; ಲೆನ್ಸಿನ ಪಕ್ಕದ ಮೂರನೆಯದಕ್ಕೆ ವಾರಕ್ಕೊಮ್ಮೆ, ಹಿಂಬದಿಯ ಎರಡಕ್ಕೆ ತಿಂಗಳಿಗೊಮ್ಮೆ ಈ ಸೇವೆ. ಆಗ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೇಳಿದರೆ ಧೂಳಿನ ನೆಪ ಹೇಳುತ್ತಿದ್ದಳು. ಯಾರೂ ನೋಡಿ ಕಲಿಯಬಾರದು ಎಂಬುದು ನಿಜವಾದ ಕಾರಣ. ಈ ಭೂಮಿಯ ಮೇಲೆ ತನ್ನದು ಅಂತ ಅವಳಿಗಿದ್ದದ್ದು ಈ ಒಂದು ಕೆಲಸ.

ಇಂಥ ಕೋಣೆಗೆ ತಮ್ಮನ ಅಳಿಯ ಬಂದ. ಎಲ್ಲೋ ಸೋಫಾ ಮಾರುವ ಕೆಲಸ ಹೋಗಿತ್ತು, ಮಾವನ ಅಂಗಡಿ ಇತ್ತು. ಫೋನಿನಲ್ಲಿ ನಾಲ್ಕು ವಿಡಿಯೊ ನೋಡಿ ಇಂಜಿನಿಯರ್ ಆಗಿದ್ದ. ತಮ್ಮ ಒಂದು ದಿನ ಅಕ್ಕನ ಮುಖ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳುವವನಂತೆ ಹೇಳಿದ: “ಮುಂದಿನ ತಿಂಗಳಿಂದ ಮಷಿನ್ ಅಳಿಯಂದ್ರು ನೋಡ್ಕೊಳ್ಲಿ. ನೀನು ಆರಾಮಾಗಿ ಪ್ಯಾಕಿಂಗ್ ಮಾಡ್ಕೊಂಡಿರು.”

“ಕೋತಿ ಕೈಗೆ ಮಾಣಿಕ್ಯ ಕೊಡ್ತೀಯಾ? ಕೊಡು,” ಅಂದಳು.

ಆ ವಾರವೇ ಒಂದು ಶಾಲೆಯ ಬಾಗಿಲುಗಳಿಗೆಲ್ಲ ಫಲಕ ಮಾಡುವ ಕೆಲಸ ಬಂತು. ನಾಳೆ ಬೆಳಿಗ್ಗೆ ಕೊಡಬೇಕು ಅನ್ನುವಾಗ ಮಧ್ಯಾಹ್ನ ಮಷಿನ್ ಕೈಕೊಟ್ಟಿತು. ಗೆರೆ ಮಸುಕು, ಕೊರೆದದ್ದು ಅರ್ಧಕ್ಕೇ ನಿಲ್ಲುತ್ತಿತ್ತು. ಮುಂದಿನ ಕೋಣೆಯಿಂದ “ಪವರ್ ಜಾಸ್ತಿ ಮಾಡು” ಎಂಬ ಮಂತ್ರ ಕೇಳಿಬಂತು. ಅವಳು ಪ್ಲಗ್ ಕಿತ್ತು ಲೆನ್ಸ್ ನೋಡಿದಳು, ಶುದ್ಧ. ಮೂರನೇ ಕನ್ನಡಿ, ಮೊದಲನೇ ಕನ್ನಡಿ ಎರಡೂ ಶುದ್ಧ. ಮೂಲೆಯ ಎರಡನೇ ಕನ್ನಡಿ ಬಿಚ್ಚಿ ಬೆಳಕಿಗೆ ಹಿಡಿದಾಗ ಅವಳಿಗೆ ಮೈಯೆಲ್ಲ ಉರಿಯಿತು. ಚಿನ್ನದ ಲೇಪದ ನಟ್ಟನಡುವೆ ಒಂದು ಹೆಬ್ಬೆಟ್ಟಿನ ಗುರುತು, ಕಂದು ಬಣ್ಣಕ್ಕೆ ಸುಟ್ಟು, ಗೆರೆಗೆರೆ ಎಣಿಸುವ ಹಾಗೆ ಮೂಡಿತ್ತು.

“ಬನ್ನಿ ಇಲ್ಲಿ, ಇಬ್ರೂ ಬನ್ನಿ!” ಅಂತ ಕೂಗಿದಳು.

ಇಬ್ಬರೂ ಬಂದರು. ಕನ್ನಡಿ ಕಂಡದ್ದೇ ತಡ, ಅಳಿಯ ಎರಡೂ ಕೈ ಜೇಬಿಗಿಳಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

“ಹೋದ ವಾರ ಹಿಂದಿನ ಮುಚ್ಚಳ ತೆಗೆದು ಏನು ಮಾಡ್ತಿದ್ರಿ ಅಳಿಯಂದಿರೇ?”

“ಸುಮ್ನೆ ನೋಡ್ದೆ ದೊಡ್ಡತ್ತೆ. ಮುಟ್ಲಿಲ್ಲ.”

“ಬೆರಳಿನಿಂದ ನೋಡೋ ಕಣ್ಣು ನಿಮ್ದು. ಏನೋ ತಮ್ಮಾ, ಒಂದು ಮಾತು ಕೇಳು. ಇದು ಯಾರ ಹೆಬ್ಬೆಟ್ಟೋ, ಅವರು ಇನ್ಮೇಲೆ ಈ ಮಷಿನ್ ಮುಟ್ಟಬಾರದು. ಒಪ್ಪಿಗೇನಾ?”

ತಮ್ಮ ಅಳಿಯನ ಮುಖ ನೋಡಿದ, ಅಕ್ಕನ ಮುಖ ನೋಡಿದ. ಮನೆಯಲ್ಲಿ ಮಗಳಿಗೆ ಏನು ಹೇಳುವುದು ಎಂಬ ಚಿಂತೆ ಅವನ ಹಣೆಯ ಮೇಲೇ ಬರೆದಿತ್ತು. ಕೊನೆಗೆ “ಆಗುತ್ತೆ” ಅಂದ. ಅವನಿಗೆ ಬರುವ ಮಾತು ಅದೊಂದೇ.

ಸ್ಟಾಂಪಿನ ಮಸಿಪ್ಯಾಡು ಮೇಜಿಗೆ ಬಂತು. ಅಳಿಯ ಹೆಬ್ಬೆಟ್ಟು ಒತ್ತಿದ. ಅವಳು ಭೂತಗನ್ನಡಿ ಹಿಡಿದು ನೋಡಿದಳು. ಅಲ್ಲ. ತಮ್ಮನದು ಒತ್ತಿಸಿದಳು. ಅದೂ ಅಲ್ಲ. ಕನ್ನಡಿಯ ಮೇಲಿನ ಗುರುತಿನಲ್ಲಿ ಗೆರೆಗಳನ್ನು ಅಡ್ಡ ಕತ್ತರಿಸಿದ ಒಂದು ಓರೆ ಗಾಯದ ಕಲೆಯಿತ್ತು. ಇಬ್ಬರ ಬೆರಳೂ ನುಣ್ಣಗಿದ್ದವು. ಕೆಲಸ ಮಾಡಿದ್ದರೆ ತಾನೆ ಗಾಯವಾಗುವುದು!

“ನಿನ್ದೂ ಒತ್ತು,” ಅಂದ ತಮ್ಮ. ತಮಾಷೆಗೆ ಅಂದದ್ದು.

ಅವಳು ಒತ್ತಲಿಲ್ಲ. ಫಲಕ ಮಾಡುವ ಅಕ್ರಿಲಿಕ್ ಹಾಳೆಯ ಅಂಚು ಎಂದೋ ಸೀಳಿದ್ದ ತನ್ನ ಬಲ ಹೆಬ್ಬೆರಳನ್ನು ನೋಡುತ್ತ ನಿಂತಳು. ಮೂರು ವಾರದ ಹಿಂದೆ ಈ ಕನ್ನಡಿಯನ್ನು ಹೊಸದಾಗಿ ಹಾಕಿದವಳು ಅವಳೇ. ಆಗ ಈ ಅಳಿಯ ಬಾಗಿಲು ತಳ್ಳಿಕೊಂಡು ಬಂದಿದ್ದ. ಕನ್ನಡಿ ಕೈಯಲ್ಲಿರುವಾಗಲೇ ಅವಳು ತಿರುಗಿ, “ಏನೂ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳೋದು” ಎಂದು ಐದು ನಿಮಿಷ ಉಗಿದಿದ್ದಳು. ಸಿಟ್ಟಿಗೆ ಮುಷ್ಟಿ ಬಿಗಿಯಾಗುತ್ತದೆ, ಬಿಗಿಯಾದ ಮುಷ್ಟಿಯಲ್ಲಿ ಕನ್ನಡಿಯಿತ್ತು.

“ನನ್ದೇ,” ಅಂದಳು.

ತಮ್ಮ ಕೆಮ್ಮಿದ. ಅಳಿಯ ಮಾತ್ರ ಮೃದುವಾಗಿ, “ಇರ್ಲಿ ಬಿಡಿ ದೊಡ್ಡತ್ತೆ. ಯಾರಿಗಾದ್ರೂ ಆಗುತ್ತೆ,” ಅಂದ.

“ಯಾರಿಗಾದ್ರೂ ಆಗೋದು ನನಗೆ ಆಗಬಾರದಿತ್ತು,” ಎಂದು ಹಲ್ಲು ಕಚ್ಚಿದಳು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕನಿಕರ ತಡೆಯಲಾಗಲಿಲ್ಲ.

“ಅಕ್ಕಾ, ಆ ಮಾತು ಬಿಡು. ಈಗ ಕೆಲಸ ಮುಗಿಸು. ನಾಳೆ ಬೆಳಿಗ್ಗೆ ಶಾಲೆಯವರು ಬರ್ತಾರೆ.”

“ಆಡಿದ ಮಾತು ನುಂಗೋದು ನಿನಗೆ ಅಭ್ಯಾಸ. ನನಗಿಲ್ಲ. ಅಳಿಯಂದಿರೇ, ಕೈ ತೊಳ್ಕೊಂಡು ಬನ್ನಿ. ಸೋಪು ಹಾಕಿ.”

ಹೊಸ ಕನ್ನಡಿಯ ಪೊಟ್ಟಣ ತೋರಿಸಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. “ಅಂಚು ಹಿಡೀರಿ. ಅಂಚು ಅಂದೆ, ಹೊಟ್ಟೆ ಅಲ್ಲ. ಹೊಳೆಯೋ ಮುಖ ಕಿರಣ ಬರೋ ಕಡೆಗೆ. ಕನ್ನಡಿ ಹಿಡಿಯೋ ಉಂಗುರ ಮೆಲ್ಲಗೆ ತಿರುಗಿಸಿ, ಬೋಲ್ಟ್ ಬಿಗಿಯೋ ಹಾಗಲ್ಲ. ಈಗ ಮೂರನೇ ಕನ್ನಡಿಯ ಮುಂದೆ ಟೇಪ್ ಅಂಟಿಸಿ, ಮುಚ್ಚಳ ಹಾಕಿ, ಪ್ಲಗ್ ಕೊಟ್ಟು ಕಿರಣದಿಂದ ಟೇಪಿನ ಮೇಲೆ ಒಂದು ಚುಕ್ಕೆ ಹೊಡೀರಿ. ಅದನ್ನ ಹತ್ತಿರ ತಂದು ಹೊಡೆದ ಚುಕ್ಕೇನೂ ದೂರ ಸರಿಸಿ ಹೊಡೆದ ಚುಕ್ಕೇನೂ ಒಂದೇ ಕಡೆ ಬೀಳಬೇಕು.” ಅವನ ಬೆರಳು ಎಲ್ಲಾದರೂ ಜಾರಲಿ ಎಂದು ಅವಳ ಒಳಮನಸ್ಸು ಬೇಡಿಕೊಳ್ಳುತ್ತಿತ್ತು. ಜಾರಲಿಲ್ಲ. ಚುಕ್ಕೆಯ ಮೇಲೆ ಚುಕ್ಕೆ ಕೂತಿತು.

ಮೊದಲ ಫಲಕ ಹೊರಬಂತು. ಅವಳು ಅದನ್ನು ತಿರುಗಿಸಿ ನೋಡಿದಳು, ಅಂಚಿನ ಮೇಲೆ ಉಗುರು ಎಳೆದಳು, ಕಿಟಕಿಗೆ ಒಯ್ದು ಹುಳುಕು ಹುಡುಕಿದಳು. ಗೆರೆ ಕೂದಲೆಳೆಯಷ್ಟು ಸಣ್ಣಗೆ, ಸ್ವಚ್ಛವಾಗಿ ಬಿದ್ದಿತ್ತು. ಬಾಗಿಲು ಹಾಕಿಕೊಂಡು ಹನ್ನೊಂದು ವರ್ಷ ಕಾದಿಟ್ಟ ಕೆಲಸ ಸೋಫಾ ಮಾರುವವನ ಕೈಗೆ ಹತ್ತಲು ಇಪ್ಪತ್ತು ನಿಮಿಷ ಹಿಡಿದಿತ್ತು.

ಅಳಿಯ ಬೆವರು ಒರೆಸಿಕೊಂಡು, ಚೇಷ್ಟೆಯೇ ಇಲ್ಲದ ದನಿಯಲ್ಲಿ ಕೇಳಿದ: “ಇಷ್ಟೇನಾ ದೊಡ್ಡತ್ತೆ?”

ಅವಳು ಫಲಕವನ್ನು ಪ್ಯಾಕಿಂಗ್ ಮೇಜಿನ ಮೇಲಿಟ್ಟು, ಅದರ ಮುಂದಿನ ಸ್ಟೂಲಿನ ಮೇಲೆ ಕೂತಳು.

“ಇಷ್ಟೇ,” ಅಂದಳು.