ಮಾವನವರ ಏಳು ಕೆರೆಗಳು

ಗಾಡಿ ನಡೆಸುವವನಿಗೆ ಪ್ರಕೃತಿ ಸೌಂದರ್ಯ ಎಂಬುದಿಲ್ಲ. ನ್ಯೂಯಾರ್ಕಿನ ಉತ್ತರದ ಬೆಟ್ಟಗಳಿಗೆ ಅಕ್ಟೋಬರಿನಲ್ಲಿ ಹೋಗಿ ಬಂದವರು ಎಲೆಗಳ ಕೆಂಪನ್ನೂ ನೀರಿನಲ್ಲಿ ಬಿದ್ದ ಅವುಗಳ ನೆರಳನ್ನೂ ಗಂಟೆಗಟ್ಟಲೆ ವರ್ಣಿಸುತ್ತಾರೆ. ನಾನೂ ಹೋಗಿದ್ದೇನೆ. ನನ್ನನ್ನು ಕೇಳಿದರೆ ಮುಂದೆ ಹೋಗುತ್ತಿದ್ದ ಹಸಿರು ವ್ಯಾಗನ್ನಿನ ಹಿಂಭಾಗವನ್ನು ವರ್ಣಿಸಬಲ್ಲೆ. ಅದರ ಎಡಗಡೆಯ ದೀಪ ಒಡೆದಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾವು ಫ್ಲಶಿಂಗ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಧಾರವಾಡದಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾಗಿದ್ದ ನನ್ನ ಮಾವ ಮೂರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿದ್ದರು. ಅತ್ತೆಯವರು ಇನ್ನೊಬ್ಬ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಯಲ್ಲೇ ಉಳಿದಿದ್ದರು. ಮಾವನವರಿಗೆ ಮ್ಯಾನ್‌ಹಟನ್ನಿನ ಕಟ್ಟಡಗಳು ಒಂದೇ ಮಧ್ಯಾಹ್ನದಲ್ಲಿ ಸಾಕಾದವು.

“ಮನುಷ್ಯಾ ಕಟ್ಟಿದ್ದು ಭಾಳ ಆತ್ರೀ ಅಳಿಯಂದಿರ. ದೇವರು ಮಾಡಿದ್ದೂ ಏನರೆ ಅದ ಏನು ಇಲ್ಲೆ?” ಎಂದರು.

ದೇವರ ಪರವಾಗಿ ಉತ್ತರಿಸುವ ಹೊಣೆ ನನ್ನ ಮೇಲೆ ಬಿತ್ತು. ನಕ್ಷೆಯಲ್ಲಿ ಬೇರ್ ಮೌಂಟನ್ನಿನ ಹತ್ತಿರ ‘ಏಳು ಸರೋವರಗಳ ರಸ್ತೆ’ ಎಂಬ ಒಂದು ದಾರಿ ಕಂಡಿತು. ಅದರಲ್ಲಿ ಸಾಗಿ, ಬೆಟ್ಟ ದಾಟಿ, ಗ್ರೀನ್‌ವುಡ್ ಲೇಕ್ ಎಂಬ ಊರು ನೋಡಿಕೊಂಡು ನ್ಯೂಜೆರ್ಸಿಯ ಮೇಲೆ ಹಿಂತಿರುಗುವುದೆಂದು ಗೊತ್ತಾಯಿತು.

ಇಲ್ಲಿ ಒಂದು ಗುಟ್ಟು ಹೇಳಬೇಕು. ನಾನು ಡ್ರೈವಿಂಗ್ ಪರೀಕ್ಷೆ ಪಾಸಾದದ್ದು ಮೂರನೆಯ ಸಲಕ್ಕೆ. ಮೊದಲ ಸಲ ಪರೀಕ್ಷಕರು ಅರ್ಧ ದಾರಿಯಲ್ಲೇ ಇಳಿದುಬಿಟ್ಟರು. ಎರಡನೆಯ ಸಲ ನಾನು ಗಾಡಿ ನಿಲ್ಲಿಸಿದ ಜಾಗ ನೋಡಿ, “ಫುಟ್‌ಪಾತಿಗೆ ಇಲ್ಲಿಂದ ಬಸ್ ಇದೆಯೇ?” ಎಂದು ವಿಚಾರಿಸಿದರು. ಮೂರನೆಯ ಸಲ ಜೋರು ಮಳೆ. ಅವರಿಗೆ ಬೇಗ ಮನೆ ಸೇರಬೇಕಾಗಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜೆ, ನನಗೆ ಜೊತೆಯಾಗಲೆಂದು ಕಲಿಯತೊಡಗಿದವಳು, ಫೆಬ್ರುವರಿಯ ಹಿಮದಲ್ಲಿ ಹೋಗಿ ಒಂದೇ ಸಲಕ್ಕೆ ಪಾಸಾಗಿ ಬಂದಿದ್ದಳು.

“ಇದನ್ನ ಅಪ್ಪಗ ಹೇಳಬ್ಯಾಡ್ರಿ,” ಎಂದಿದ್ದಳು. ಕಾಲೇಜಿಗೆ ಹೋಗುವಾಗ ಒಂದು ಸೈಕಲ್ ಬೇಕೆಂದು ಆಕೆ ಎರಡು ವರ್ಷ ಬೇಡಿದ್ದಳಂತೆ. ಮಾಸ್ತರರ ಮಗಳು ಸೈಕಲ್ ಮೇಲೆ ಊರು ತಿರುಗಿದರೆ ಜನ ಏನಂದಾರು ಎಂದು ಮಾವ ಕೊಡಿಸಿರಲಿಲ್ಲ. ಸೈಕಲ್ಲಿಗೇ ಒಪ್ಪದವರಿಗೆ ಕಾರಿನ ಸುದ್ದಿ ಹೇಗೆ ಹೇಳುವುದು ಎಂಬುದು ಅವಳ ಚಿಂತೆ. ನಾನು ಧಾರಾಳವಾಗಿ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಯಾವ ಅಳಿಯನಿಗೆ ತಾನೆ ಮಾವನ ಎದುರಿಗೆ ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂರುವ ಆಸೆ?

ಒಂದು ಭಾನುವಾರ ಬೆಳಿಗ್ಗೆ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ, ಥರ್ಮಾಸಿನಲ್ಲಿ ಚಹಾ ಕಟ್ಟಿಕೊಂಡು ಹೊರಟೆವು. ನಮ್ಮದು ಮೂರನೆಯ ಯಜಮಾನನ ಕೈಗೆ ಬಂದ ಹಳೆಯ ಗಾಡಿ. ಅದರ ಮೂತಿ ಒಂದು ಬೀದಿಯಲ್ಲಿದ್ದರೆ ಬಾಲ ಇನ್ನೊಂದರಲ್ಲಿ. ಮಾವ ಮುಂದಿನ ಸೀಟಿನಲ್ಲಿ ಕೋಟು, ಮಫ್ಲರ್ ತೊಟ್ಟು, ತೊಡೆಯ ಮೇಲೆ ನಕ್ಷೆ ಹರಡಿಕೊಂಡು ಕುಳಿತರು. ಗಿರಿಜೆ ಹಿಂದೆ.

ಸರೋವರಗಳ ರಸ್ತೆಗೆ ಬಂದ ಮೇಲೆ ಮಾವನವರಿಗೆ ಯೌವನ ಮರಳಿತು. ಒಂದೊಂದು ನೀರು ಕಂಡಾಗಲೂ ಗಾಡಿ ನಿಲ್ಲಿಸಲು ಹೇಳಿ, ಇಳಿದು, ದಂಡೆಗುಂಟ ನಡೆದು, ತಲೆ ಅಲ್ಲಾಡಿಸುತ್ತ ಹಿಂತಿರುಗುವರು. ಎರಡನೆಯದರ ಹತ್ತಿರ ಅವರ ಮುಖ ಗಂಭೀರವಾಯಿತು.

“ಇದು ಸರೋವರ ಅಲ್ರೀ, ಕೆರಿ! ಅಲ್ಲಿ ನೋಡ್ರಿ, ಒಡ್ಡು ಕಟ್ಯಾರ. ನಮ್ಮ ಕೆಲಗೇರಿ ಕೆರಿಗೆ ಕಟ್ಟಿಲ್ಲೇನು, ಹಾಂಗ.”

ಹೋಗಿ ನೋಡಿದರೆ ನಿಜ. ಮರಗಳ ಮರೆಯಲ್ಲಿ ಕಲ್ಲಿನ ಒಡ್ಡು, ಪಕ್ಕದಲ್ಲಿ ಕೋಡಿ. ಮೂರನೆಯದಕ್ಕೂ ಅದೇ ಗತಿ. ದೇವರು ಮಾಡಿದ್ದನ್ನು ತೋರಿಸಲು ಕರೆದುಕೊಂಡು ಬಂದರೆ ಅದೂ ಮನುಷ್ಯರ ಕೈಕೆಲಸವಾಗಿತ್ತು. ನಾನು ಕ್ಷಮೆ ಕೇಳುವ ಧಾಟಿಯಲ್ಲಿ ಏನೋ ತೊದಲಿದೆ. ಮಾವನವರಿಗೆ ಬೇಸರವೇನೂ ಆಗಿರಲಿಲ್ಲ. ಸರೋವರ ತಾನಾಗಿ ಆಗುವುದು, ಅದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ. ಕೆರೆಯಾದರೋ ನಾಲ್ಕು ಜನ ಕೂಡಿ, ಮುಂದಿನವರು ಕುಡಿಯಲಿ ಎಂದು ಕಟ್ಟಿದ್ದು, ಆದ್ದರಿಂದ ಕೆರೆಯೇ ದೊಡ್ಡದು ಎಂದು ಒಂದು ಪಿರಿಯಡ್ ಪೂರ್ತಿ ಪಾಠ ಹೇಳಿದರು. ಇಲ್ಲಿನ ಕೆರೆಗಳನ್ನು ಕಟ್ಟಿದ್ದು ಈಜುವುದಕ್ಕೂ ದೋಣಿ ಬಿಡುವುದಕ್ಕೂ ಎಂದು ನಾನು ಹೇಳಲಿಲ್ಲ. ಮಾಸ್ತರರು ಪಾಠ ಹೇಳುವಾಗ ನಡುವೆ ಬಾಯಿ ಹಾಕಬಾರದು.

ನಾಲ್ಕು ಕೆರೆ ಲೆಕ್ಕಕ್ಕೆ ಸಿಕ್ಕವು. ಐದನೆಯದು ಒಂದೇ ಕೆರೆಯೋ ಎರಡು ಕೆರೆಯೋ ಎಂದು ತಂದೆ ಮಗಳಿಗೆ ವಾದವಾಯಿತು. ಉಳಿದವನ್ನು ಹುಡುಕುತ್ತಿರುವಾಗಲೇ ನಾವು ಆ ರಸ್ತೆಯನ್ನು ಬಿಟ್ಟು ಬೆಟ್ಟ ಹತ್ತತೊಡಗಿದ್ದೆವು.

ಹತ್ತುವುದು ಸುಲಭ. ಬೆಟ್ಟಗಳ ಕಷ್ಟವೆಲ್ಲ ಇಳಿಯುವುದರಲ್ಲಿದೆ. ಗ್ರೀನ್‌ವುಡ್ ಲೇಕಿನ ಕಡೆಗೆ ರಸ್ತೆ ಸರ್ರನೆ ಇಳಿಯಿತು. ನಾನು ಬ್ರೇಕಿನ ಮೇಲೆ ಇಟ್ಟ ಕಾಲನ್ನು ತೆಗೆಯಲೇ ಇಲ್ಲ. ಎಡಕ್ಕೆ ತಿರುವು, ಬಲಕ್ಕೆ ತಿರುವು, ಕೆಳಗೆಲ್ಲೋ ನೀಲಿ ನೀರು. “ಆಹಾ, ನೋಡ್ರಿ, ನೋಡ್ರಿ!” ಎನ್ನುತ್ತಿದ್ದರು ಮಾವ. ನಾನು ಹಸಿರು ವ್ಯಾಗನ್ನನ್ನು ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಮಾವ ಮೂಗು ಅರಳಿಸಿದರು. “ಏನೋ ಸುಟ್ಟ ವಾಸನಿ. ಗಿರಿಜಾ, ಮನ್ಯಾಗ ಒಲಿ ಆರಿಸಿ ಬಂದಿ ಇಲ್ಲೋ?”

“ರೀ, ಗಾಲಿಯಿಂದ ಹೊಗಿ ಬರ್ಲಿಕ್ಹತ್ತದ!” ಎಂದಳು ಗಿರಿಜೆ.

ಬ್ರೇಕನ್ನು ಇನ್ನೂ ಜೋರಾಗಿ ಒತ್ತಿದೆ. ಕಾಲು ಬೆಣ್ಣೆಯೊಳಗೆ ಇಳಿದಂತೆ ನೆಲದವರೆಗೂ ಹೋಯಿತು. ಗಾಡಿ ನಿಲ್ಲಲಿಲ್ಲ. ಆ ಕ್ಷಣ ನನಗೆ ಅನಿಸಿದ್ದು ಭಯವಲ್ಲ. ಹುಬ್ಬಳ್ಳಿಯಲ್ಲಿರುವ ಅತ್ತೆಯವರಿಗೆ ಏನೆಂದು ಬರೆಯಲಿ ಎಂಬ ವಿಚಾರ. ಅದೃಷ್ಟಕ್ಕೆ ಇಳಿಜಾರು ಮುಗಿಯುತ್ತ ಬಂದಿತ್ತು. ಬಲಕ್ಕೆ ದೋಣಿ ಬಾಡಿಗೆಗೆ ಕೊಡುವ ಅಂಗಡಿ, ಅದರ ಮುಂದೆ ಜಲ್ಲಿ ಹಾಕಿದ ಬಯಲು. “ಒಳಗ ತಗೋರಿ, ಹ್ಯಾಂಡ್‌ಬ್ರೇಕ್, ಹ್ಯಾಂಡ್‌ಬ್ರೇಕ್!” ಎಂದು ಗಿರಿಜೆ ಕೂಗಿದಳು. ಅವಳು ಹೇಳಿದಂತೆ ಮಾಡಿದೆ. ಬೋರಲು ಹಾಕಿದ್ದ ದೋಣಿಯೊಂದರಿಂದ ಎರಡು ಗೇಣು ದೂರದಲ್ಲಿ ಗಾಡಿ ನಿಂತಿತು.

ಮಾವ ಇಳಿದವರೇ ಥರ್ಮಾಸಿನ ಚಹಾವನ್ನು ಗಾಲಿಗೆ ಸುರಿಯಲು ಹೊರಟರು. ಅಂಗಡಿಯಿಂದ ಮೀನಿನ ಗಾಳಕ್ಕೆ ಮಾರುವ ಎರೆಹುಳದ ಡಬ್ಬಿ ಹಿಡಿದುಕೊಂಡೇ ಓಡಿ ಬಂದ ಮುದುಕ ಅವರನ್ನು ತಡೆದ. ಕಾದ ಕಬ್ಬಿಣಕ್ಕೆ ಏನೂ ಸುರಿಯಬಾರದು, ಒಂದು ಗಂಟೆ ಸುಮ್ಮನೆ ಬಿಡಿ, ತಾನಾಗಿ ತಣಿಯುತ್ತದೆ ಎಂದ. ಆಮೇಲೆ ನನ್ನ ಕಡೆ ತಿರುಗಿ, ಬೆಟ್ಟ ಪೂರ್ತಿ ಬ್ರೇಕಿನ ಮೇಲೇ ಇಳಿದೆಯಾ, ಗೇರಿನ ಹತ್ತಿರ ಎಲ್ ಎಂಬ ಅಕ್ಷರ ಇರುವುದು ಯಾತಕ್ಕೆ ಅಂದುಕೊಂಡಿದ್ದೀಯ ಎಂದು ಕೇಳಿದ.

ಓದುಗರೇ, ನಿಮ್ಮಲ್ಲಿ ಮುಚ್ಚಿಡುವುದೇನು? ಎಲ್ ಅಂದರೆ ಲರ್ನರ್ ಎಂದುಕೊಂಡಿದ್ದೆ. ಪಾಸಾದವನಿಗೆ ಅದರ ಗೊಡವೆ ಯಾಕೆಂದು ಒಮ್ಮೆಯೂ ಮುಟ್ಟಿರಲಿಲ್ಲ.

ನಾವು ನೀರಿನ ಅಂಚಿನಲ್ಲಿ ಕುಳಿತು ಚಪಾತಿ ತಿಂದೆವು. ಮುದುಕನಿಗೂ ಒಂದು ಕೊಟ್ಟೆವು; ಶೇಂಗಾ ಚಟ್ನಿಗೆ ಅವನ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಕೇಳಿದ. ಹೊರಡುವ ಹೊತ್ತಿಗೆ ಅವನು ಗಾಡಿಯನ್ನು ಬಯಲಿನಲ್ಲಿ ಒಂದು ಸುತ್ತು ಹೊಡೆದು, ಬ್ರೇಕ್ ಹಿಡಿಯುತ್ತಿದೆ ಎಂದು ಕೀಲಿ ನನ್ನ ಕೈಗಿಟ್ಟ. ಮುಂದೆ ಇನ್ನೂ ಒಂದು ಗುಡ್ಡವಿತ್ತು. ನಾನು ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತೆ.

ಗಿರಿಜೆ ಕೈ ಚಾಚಿದಳು. “ಕೊಡ್ರಿ ಇಲ್ಲೆ.”

“ನೀ ಏನ್ ಮಾಡ್ತಿ?” ಎಂದರು ಮಾವ.

ಅವಳು ಪರ್ಸಿನಿಂದ ಲೈಸೆನ್ಸ್ ತೆಗೆದು ಅಪ್ಪನ ಕೈಗಿಟ್ಟಳು. ಮಾವ ಕನ್ನಡಕ ಸರಿಮಾಡಿಕೊಂಡು, ಉತ್ತರ ಪತ್ರಿಕೆ ತಿದ್ದುವವರಂತೆ ಆ ಕಾಗದವನ್ನು ಎರಡೂ ಬದಿ ನೋಡಿದರು.

“ಯಾವಾಗ ಪಾಸಾದಿ?”

“ಫೆಬ್ರುವರಿ ಒಳಗ.”

“ಎಷ್ಟನೇ ಸಲಕ್ಕ?”

“ಮೊದಲನೇ ಸಲಕ್ಕ.”

ಮಾವ ನನ್ನನ್ನು ನೋಡಿದರು. ನಾನು ಸರೋವರವನ್ನು ನೋಡಿದೆ. ಬಹಳ ಚೆನ್ನಾಗಿತ್ತು.

ಕಾಗದವನ್ನು ಮಡಚಿ ಮಗಳಿಗೆ ಕೊಟ್ಟು, “ಮತ್ತ ತಡ ಯಾಕ, ನಡಿ,” ಎಂದು ಮುಂದಿನ ಸೀಟಿನಲ್ಲಿ ಕುಳಿತರು. ನಾನು ಹಿಂದೆ, ಡಬ್ಬಿಗಳ ಜೊತೆ. ಗಿರಿಜೆ ಗುಡ್ಡದ ನೆತ್ತಿಯಲ್ಲಿ ಗೇರನ್ನು ಎಲ್‌ಗೆ, ಅಂದರೆ ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುವ ‘ಲೋ’ ಗೇರಿಗೆ, ಎಳೆದಳು. ಗಾಡಿ ಗುರ್ರೆನ್ನುತ್ತ, ಹೇಳಿದ ಮಾತು ಕೇಳುವ ಎಮ್ಮೆಯಂತೆ ನಿಧಾನವಾಗಿ ಇಳಿಯಿತು. ಆ ದಿನ ಮೊದಲ ಬಾರಿಗೆ ನನಗೆ ಎರಡೂ ಬದಿಯ ಕಾಡು ಕಂಡಿತು. ಬಿಸಿಲು ಬಿದ್ದ ಕಡೆ ಮರಗಳು ದೀಪ ಹಚ್ಚಿದಂತಿದ್ದವು. ಆಗಲೇ ಮುಂದಿನ ಸೀಟಿನಲ್ಲಿ ಮಾವ ಗಂಟಲು ಸರಿಮಾಡಿಕೊಂಡು, ಒಮ್ಮೆ ಹಿಂದಕ್ಕೆ ನನ್ನತ್ತ ಇಣುಕಿದರು. ಹೇಳಬೇಕೆಂದಿದ್ದ ಮಾತು ನಾನು ಇದ್ದುದರಿಂದಲೇ ಅಲ್ಲಿಗೆ ನಿಂತುಹೋಯಿತು ಎಂದು ನನಗನಿಸಿತು. ಕಣ್ಣು ಮುಚ್ಚಿದೆ, ಎರಡು ನಿಮಿಷದ ಮೇಲೆ, ಇರಲಿ ಎಂದು ಸಣ್ಣಗೆ ಗೊರಕೆಯನ್ನೂ ಹೊಡೆದೆ.

“ಅಂದು ಸೈಕಲ್ ಬ್ಯಾಡ ಅಂದಿದ್ದೆ ನಾ,” ಎಂದರು ಮಾವ.

“ನೆನಪದ.”

“ಕೊಡಸಬೇಕಾಗಿತ್ತು.”

ಗಿರಿಜೆ ಗಾಡಿಯನ್ನು ಇನ್ನೊಂದು ತಿರುವು ದಾಟಿಸಿದಳು. ಆಮೇಲೆ, “ಅಪ್ಪಾ, ನಕಾಶಿ ನೋಡಿ ಹೇಳ್ರಿ, ಮುಂದ ಎಡಕ್ಕೋ ಬಲಕ್ಕೋ?” ಎಂದಳು. “ಬಲಕ್ಕ,” ಎಂದರು ಮಾವ. ಅದು ತಪ್ಪು ದಾರಿ. ಅವಳು ಬಲಕ್ಕೇ ತಿರುಗಿಸಿದಳು. ಅದರಿಂದ ನಮಗೆ ಇನ್ನೂ ಒಂದು ಕೆರೆ ಸಿಕ್ಕಿತಂತೆ. ನಾನು ನಿದ್ದೆ ಮುಂದುವರಿಸಬೇಕಾಗಿದ್ದರಿಂದ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟಾಗ ಮಾವ ಅತ್ತೆಯವರಿಗೆ ಬರೆದ ನೀಲಿ ಏರೋಗ್ರಾಮ್ ಕೊಟ್ಟು, “ಅಂಟು ಹಚ್ಚಿ ಡಬ್ಬಿಗೆ ಹಾಕ್ರಿ,” ಎಂದರು. ಸಬ್‌ವೇ ರೈಲಿನಲ್ಲಿ ಕುಳಿತು ಓದಿದೆ. ಓದಬಾರದಾಗಿತ್ತು, ಓದಿದೆ. ಕೆರೆಗಳ ಹೆಸರು, ಒಡ್ಡುಗಳ ಎತ್ತರ, ಮುದುಕನ ಚಪಾತಿ ಎಲ್ಲ ವಿವರವಾಗಿ ಇದ್ದವು. ಕೊನೆಗೆ ಹೀಗಿತ್ತು: “ಗುಡ್ಡದ ಮೇಲೆ ಗಾಡಿಯನ್ನು ನಮ್ಮ ಗಿರಿಜಾ ನಡೆಸಿದಳು. ಭಾಳ ಛಲೋ ನಡೆಸ್ತಾಳ. ಅಳಿಯಂದಿರು ಹಿಂದೆ ನಿದ್ದೆ ಮಾಡಿದರು.”

ಬ್ರೇಕಿನ ಸುದ್ದಿ ಒಂದಕ್ಷರವೂ ಇರಲಿಲ್ಲ. ಕೆಳಗೆ ಎರಡು ಸಾಲಿನಷ್ಟು ಜಾಗ ಖಾಲಿ ಇತ್ತು. ನನ್ನ ನಿದ್ದೆಯ ಬಗ್ಗೆ ಸಮಜಾಯಿಷಿ ಬರೆಯೋಣವೆಂದು ಪೆನ್ನು ತೆಗೆದವನು, ತಡೆದು, “ಅತ್ತೆಯವರಿಗೆ ನಮಸ್ಕಾರ. ನಿದ್ದೆ ಬಹಳ ಚೆನ್ನಾಗಿ ಬಂತು,” ಎಂದು ಬರೆದು ಅಂಟು ಹಚ್ಚಿದೆ.