ಪಡಸಾಲೆಯಲ್ಲಿ ಒಣಗದ ಚಿತ್ರ

ನಮ್ಮ ಭಾವನವರ ಧೋತರದ ಚುಂಗು ಯಾವಾಗಲೂ ನೀಲಿ. ಬ್ರಶ್ಶು ಒರೆಸಲೆಂದು ಹಳೆಯ ಅರಿವೆಗಳನ್ನು ಪಕ್ಕದಲ್ಲೇ ಇಟ್ಟಿರುತ್ತಿದ್ದೆ. ಅವರ ಕೈ ಹೋಗುತ್ತಿದ್ದದ್ದು ಮಾತ್ರ ಚುಂಗಿಗೇ. ತಿಕ್ಕಿ ತಿಕ್ಕಿ ನನ್ನ ರಟ್ಟೆ ಸೋತವು, ನೀಲಿ ಹೋಗಲಿಲ್ಲ.

ಅವರು ನನ್ನ ಗಂಡನ ಅಣ್ಣ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಮದುವೆಯಾಗದೆ ಮಿಶ್ರಿಕೋಟಿಯ ನಮ್ಮ ಮನೆಯಲ್ಲೇ ಇದ್ದರು. ಎಪ್ಪತ್ತರ ದಶಕದಲ್ಲೊಮ್ಮೆ ಯಾವುದೋ ಪರೀಕ್ಷೆಗೆ ಮುಂಬಯಿಗೆ ಹೋದವರು ಅಲ್ಲಿ ಒಂದು ಹಳೆಯ ಚರ್ಚಿನೊಳಗೆ ನಿಂತು ಬಂದರು. ಬಂದವರೇ ನನ್ನೆತ್ತರದ ಹಲಗೆಯೊಂದನ್ನು ಪಡಸಾಲೆಗೆ ತಂದಿಟ್ಟು ಚಿತ್ರ ಬರೆಯತೊಡಗಿದರು. ಬೆಳಕು ಅಲ್ಲೇ ಚಲೋ ಇದೆಯಂತೆ. ಕಪ್ಪು ಗೆರೆಗಳು ಕೆಳಗಿನಿಂದೆದ್ದು, ಮೇಲೆ ಮೇಲೆ ಹೋಗಿ, ಒಂದರತ್ತ ಒಂದು ಬಾಗುತ್ತಿದ್ದವು. ನಡುವೆ ಕೆಂಪು, ನೀಲಿ, ಜೇನಿನ ಬಣ್ಣದ ಚೂರುಗಳು. ಗೋಡೆಯಿಲ್ಲ, ಮನುಷ್ಯರಿಲ್ಲ, ದೇವರಿಲ್ಲ. ಎರಡು ವರ್ಷವಾದರೂ ಮುಗಿಯಲಿಲ್ಲ. ನಾವು ತಿನ್ನುವ ರೊಟ್ಟಿಗೂ ಬಣ್ಣದೆಣ್ಣೆಯ ವಾಸನೆ. ಕೇಳಿದರೆ, "ಮ್ಯಾಲಿಂದು ಇನ್ನೂ ಕೂಡವಲ್ದವ್ವಾ" ಎನ್ನುತ್ತಿದ್ದರು.

ನಾದಿನಿಯನ್ನು ನೋಡಲು ದುಮ್ಮವಾಡದಿಂದ ವರನ ಕಡೆಯವರು ಬರುತ್ತಾರೆಂದು ಗೊತ್ತಾಯಿತು. ಹೊಲಮನೆ ಇದ್ದ ಜನ.

"ಭಾವಾರ, ಇವತ್ತೊಂದಿನ ಅದನ್ನ ಕೊಟ್ಟಿಗ್ಯಾಗ ಇಡ್ರಿ" ಎಂದೆ.

"ಹಸಿ ಐತೆವ್ವಾ. ಎಮ್ಮಿ ನೆಕ್ಕತೈತಿ."

ನನ್ನ ಗಂಡ ಅದರ ಮೇಲೆ ಜಮಖಾನೆ ಹೊದಿಸಿದರು. ಬಣ್ಣಕ್ಕೆ ಅಂಟುತ್ತದೆಂದು ಭಾವನವರು ಅದನ್ನು ತೆಗೆದು ನೀಟಾಗಿ ಮಡಚಿಟ್ಟರು.

ವರನ ತಂದೆ ಬಂದು ಕೂತದ್ದೇ ಅದರೆದುರು. "ಇದೇನ್ರಿ ಮಾಸ್ತರ?"

ಸಾಲಿ ಹುಡುಗರಿಗೆ ಕಲಿಸೋದು ಎಂದಿದ್ದರೆ ಮುಗಿಯುತ್ತಿತ್ತು. ಈ ಪುಣ್ಯಾತ್ಮರು, "ಮುಂಬಯ್ಯಾಗ ಒಂದು ಚರ್ಚ್ ನೋಡಿದ್ನಿರಿ" ಎಂದರು.

"ಚರ್ಚ್ ಎಲ್ಲೈತಿ ಇದರಾಗ?"

"ಚರ್ಚ್ ಇಲ್ರಿ. ಅದರೊಳಗ ನಿಂತಾಗ ಎದಿಯಾಗ ಆಗಿದ್ದಷ್ಟ ಐತಿ."

ಅಡಿಗೆಮನೆಯ ಬಾಗಿಲಲ್ಲಿ ನಾನು ಹಣೆ ಬಡಿದುಕೊಂಡೆ.

"ಲಿಂಗ ಕಟ್ಟಿದವರ ಮನ್ಯಾಗ ಇದ್ಯಾಕ್ರಿ? ಮೊದ್ಲ ಹೊರಗ ಹಾಕ್ರಿ, ಆಮ್ಯಾಲ ಮಾತಾಡೂಣು" ಎಂದರು ವರನ ತಂದೆ.

ಅಷ್ಟು ದಿನ ಯಾರ ಮಾತನ್ನೂ ಕೇಳದ ಭಾವನವರು, ತಲೆತಗ್ಗಿಸಿ ಕೂತ ತಂಗಿಯನ್ನು ಒಮ್ಮೆ ನೋಡಿದರು. ಎದ್ದು, ಹಲಗೆಯನ್ನು ಹೆಗಲಿಗೆ ಆನಿಸಿಕೊಂಡು ತಾವೇ ಅಂಗಳಕ್ಕೆ ಒಯ್ದರು. ನಾನು ಉಸ್ಸೆನ್ನುವಷ್ಟರಲ್ಲಿ ನಾದಿನಿ ತಲೆಯೆತ್ತಿದಳು.

"ಅಣ್ಣಾ, ಒಳಗ ತಾ ಅದನ್ನ. ಇವರ ಮನೀಗೆ ನಾ ಹೋಗಂಗಿಲ್ಲ."

ಬಂದವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದುಹೋದರು. ನಾನು ಅಣ್ಣತಂಗಿ ಇಬ್ಬರಿಗೂ ಬಾಯಿಗೆ ಬಂದಂತೆ ಅಂದೆ. ನಾದಿನಿ ಅಳುತ್ತಿದ್ದಳು. ಭಾವನವರು ಅಂಗಳದಲ್ಲಿ ಹಲಗೆಯನ್ನೇ ನೋಡುತ್ತ ನಿಂತಿದ್ದರು. ಹೆಗಲಿಗೆ ಉಜ್ಜಿ ಮೇಲಿನ ಗೆರೆಗಳು ಕಲಸಿಹೋಗಿ, ಜೇನಿನ ಬಣ್ಣದಲ್ಲಿ ಕರಗಿದ್ದವು.

"ಈಗ ಬರೋಬರಿ ಕೂಡಿತ ನೋಡವ್ವಾ. ಮುಗೀತು. ಚಾ ಮಾಡ್ತೀಯೇನು?"

ಎರಡು ವರ್ಷ ಪಡಸಾಲೆ ಹಿಡಿದದ್ದು ಇದಕ್ಕೆ! ಚಹಾದ ಬೋಗುಣಿಯನ್ನು ಒಲೆಯ ಮೇಲೆ ಕುಕ್ಕಿದೆ.

ನಾದಿನಿಗೆ ಮುಂದೆ ಮೊರಬದಲ್ಲಿ ಸಂಬಂಧ ಕೂಡಿಬಂತು, ಸುಖವಾಗಿದ್ದಾಳೆ. ಬೇಡ ಎಂಬುದನ್ನು ಹೆಣ್ಣುಮಗಳು ಪಡಸಾಲೆಯಲ್ಲಿ ಕೂತೇ ಹೇಳಬಹುದೆಂದು ನಾನು ಕಂಡದ್ದು ಅವತ್ತು. ನನ್ನ ಮಗಳನ್ನು ನೋಡಲು ಬಂದಾಗ, ಎಲ್ಲರೆದುರಿಗೆ ಮೊದಲು ಅವಳನ್ನೇ ಕೇಳಿದೆ.

ಭಾವನವರು ತೀರಿಕೊಂಡ ಮೇಲೆ ನಾದಿನಿ ಟ್ರ್ಯಾಕ್ಟರ್ ತಂದಳು. "ವೈನಿ, ಪಡಸಾಲ್ಯಾಗ ನಿಮಗ ಅಡ್ಡ ಆಗೇತಿ. ಆ ಚಿತ್ರ ನಾ ಒಯ್ಯಲೇನು?"

ಒಯ್ಯವ್ವ, ಪೀಡೆ ಹೋಗಲಿ ಎನ್ನಬೇಕೆಂದೇ ಬಾಯಿ ತೆರೆದೆ.

"ಇರಲಿ ಬಿಡು" ಎಂದೆ.